ಓದುಗರ ಪ್ರಶ್ನೆ: ವಿಡಿಯೋ ನೋಡಿದ ಮಕ್ಕಳಿಗೆ ಬಯಾಲಜಿ ಯಾಕೆ ನೆನಪಿರೋದಿಲ್ಲ?

ಪ್ರಶ್ನೆ: ಬಿ.ಎಸ್ಸಿ. ಮೊದಲ ವರ್ಷಕ್ಕೆ ಬಾಟನಿ ಪಾಠ ಮಾಡುತ್ತೇನೆ. ಕ್ಲಾಸಿನಲ್ಲಿ 70 ಮಕ್ಕಳು. ಪ್ರೊಜೆಕ್ಟರ್ ಬಂದ ಮೇಲೆ ಒಳ್ಳೊಳ್ಳೆ ಆನಿಮೇಷನ್ ವಿಡಿಯೋ ಹಾಕುತ್ತಿದ್ದೇನೆ. ಕಣ್ಣರಳಿಸಿ ನೋಡುತ್ತಾರೆ, ಎಲ್ಲಾ ತಿಳೀತು ಅನ್ನುತ್ತಾರೆ. ಮುಂದಿನ ವಾರ ಟೆಸ್ಟ್ ಕೊಟ್ಟರೆ ಖಾಲಿ ಹಾಳೆ. ಎಲ್ಲಿ ತಪ್ಪುತ್ತಿದ್ದೇನೆ? — ಉಪನ್ಯಾಸಕಿ, ಗದಗ

ಉತ್ತರ: ಮೇಡಂ, ನಾನೂ ಧಾರವಾಡದಲ್ಲಿ ವರ್ಷಗಟ್ಟಲೆ ಹೀಗೇ ಮಾಡಿದವನು. ವಿಡಿಯೋ ಚೆನ್ನಾಗಿದ್ದಷ್ಟೂ ತಿಳಿದಂತೆ ಅನಿಸುತ್ತದೆ, ಯಾಕಂದರೆ ಯೋಚನೆ ಮಾಡುವ ಕೆಲಸವನ್ನೆಲ್ಲ ಅದೇ ಮಾಡಿ ಮುಗಿಸಿರುತ್ತದೆ, ಮಕ್ಕಳಿಗೆ ನೋಡುವುದೊಂದೇ ಉಳಿದಿರುತ್ತದೆ. ಅದಕ್ಕೇ ಉತ್ತರ ತೆರೆಯ ಮೇಲೆ ಬರುವ ಮೊದಲೇ ವಿಡಿಯೋ ನಿಲ್ಲಿಸಿ. ಮುಂದೇನಾಗುತ್ತೆ ಅಂತ ಕೇಳಿ. ಎಲ್ಲರೂ ಒಂದು ಉತ್ತರ ಹೇಳಲೇಬೇಕು, ತಪ್ಪಾದರೂ ಅಡ್ಡಿಯಿಲ್ಲ.

ಆಸ್ಮೋಸಿಸ್ (ಕೋಶದ ಪೊರೆ ದಾಟಿ ನೀರು ಸರಿಯುವುದು) ಪಾಠವನ್ನೇ ತೆಗೆದುಕೊಳ್ಳಿ. ನಿಮ್ಮ ಗದಗ ಸೀಮೆಯಲ್ಲಿ ಉಳ್ಳಾಗಡ್ಡಿಗೇನು ಬರವೇ? ಒಂದು ಕೆಂಪು ಉಳ್ಳಾಗಡ್ಡಿ ತಂದು, ದಪ್ಪ ಎಸಳಿನ ಹೊರಮೈಯಿಂದ ನೇರಳೆ ಬಣ್ಣದ ತೆಳು ಸಿಪ್ಪೆ ಬಿಡಿಸಿ, ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿಟ್ಟು, ಮೇಲೆ ಕವರ್‌ಸ್ಲಿಪ್ (ತೆಳು ಗಾಜಿನ ಚೂರು) ಮುಚ್ಚಿ, ಮೈಕ್ರೋಸ್ಕೋಪಿನ ಕಣ್ಣಿಗೆ ನಿಮ್ಮ ಫೋನ್ ಹಿಡಿದು ವಿಡಿಯೋ ಮಾಡಿ. ಇಟ್ಟಂಗಿ ಜೋಡಿಸಿದ ಹಾಗೆ ಕೋಶಗಳು ಕಾಣುತ್ತವೆ, ಒಳಗೆ ನೇರಳೆ ಬಣ್ಣ ಅಂಚಿನವರೆಗೂ ತುಂಬಿರುತ್ತದೆ. ಈಗ ಕವರ್‌ಸ್ಲಿಪ್ಪಿನ ಒಂದು ಬದಿಗೆ ಗಟ್ಟಿ ಉಪ್ಪುನೀರು ಬಿಡಿ, ಇನ್ನೊಂದು ಬದಿಗೆ ಬ್ಲಾಟಿಂಗ್ ಪೇಪರ್ ತಾಗಿಸಿದರೆ ಅದು ಉಪ್ಪುನೀರನ್ನು ಗಾಜಿನ ಅಡಿಗೆ ಎಳೆದುಕೊಳ್ಳುತ್ತದೆ.

ಕ್ಲಾಸಿನಲ್ಲಿ ವಿಡಿಯೋ ಇಲ್ಲಿಗೆ ನಿಲ್ಲಬೇಕು. ಬೋರ್ಡಿನ ಮೇಲೆ ನಾಲ್ಕು ಉತ್ತರ ಬರೆಯಿರಿ. ಒಂದು, ಇಡೀ ಕೋಶ ಮುದುಡುತ್ತದೆ. ಎರಡು, ಗೋಡೆ ಹಾಗೇ ಇದ್ದು ಒಳಗಿನ ಬಣ್ಣ ಮಾತ್ರ ಮುದುಡುತ್ತದೆ. ಮೂರು, ಕೋಶ ಉಬ್ಬಿ ಒಡೆಯುತ್ತದೆ. ನಾಲ್ಕು, ಬಣ್ಣ ಹೊರಗೆ ಹರಡುತ್ತದೆ. ಪ್ರತಿಯೊಬ್ಬರೂ ತಮ್ಮ ಉತ್ತರದ ಸಂಖ್ಯೆಯಷ್ಟು ಬೆರಳು ಎದೆಗೆ ಆನಿಸಿಕೊಂಡು ತೋರಿಸಲಿ, ಪಕ್ಕದವರಿಗೆ ಕಾಣಬಾರದು. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಹಿಂದಿನ ಬೆಂಚಿನ ನಾಚಿಕೆ ಹುಡುಗಿಯೂ ಉತ್ತರ ಕೊಡುವುದು ಇದರಿಂದಲೇ. ನನ್ನ ಕ್ಲಾಸಿನಲ್ಲಿ ಜಾಸ್ತಿ ಕಾಣುತ್ತಿದ್ದದ್ದು ಒಂದು ಬೆರಳು, ಅಂದರೆ ಇಡೀ ಕೋಶ ಮುದುಡುತ್ತದೆ ಅನ್ನುವ ಉತ್ತರ. ಒಣದ್ರಾಕ್ಷಿ ಇದ್ದ ಹಾಗೆ ಸರ್, ಅನ್ನುತ್ತಿದ್ದರು. ಆಗ ಏನೂ ಹೇಳಬೇಡಿ. ಎರಡು ನಿಮಿಷ ಪಕ್ಕದವರ ಜೊತೆ ವಾದ ಮಾಡಲಿ, ಇನ್ನೊಮ್ಮೆ ಬೆರಳು ತೋರಿಸಲಿ, ಆಮೇಲೆ ವಿಡಿಯೋ ಬಿಡಿ.

ನೇರಳೆ ಬಣ್ಣ ಗೋಡೆ ಬಿಟ್ಟು ನಿಧಾನ ನಡುವಿಗೆ ಸರಿದು ಉಂಡೆಯಾಗುತ್ತದೆ. ಗೋಡೆ ಅಲುಗುವುದಿಲ್ಲ. ಕ್ಲಾಸಿಗೆ ಕ್ಲಾಸೇ 'ಹೋ' ಅನ್ನುವುದನ್ನು ನೀವು ಕೇಳಬೇಕು. ನೀರು ಕೋಶಪೊರೆ ದಾಟಿ ಹೋಯಿತು, ವ್ಯಾಕ್ಯೂಲ್‌ನಲ್ಲಿದ್ದ (ಕೋಶದೊಳಗಿನ ರಸದ ಚೀಲದಲ್ಲಿದ್ದ) ಬಣ್ಣ ದಾಟಲಿಲ್ಲ, ಕೋಶಭಿತ್ತಿ ಗಟ್ಟಿ ಇರೋದರಿಂದ ನಿಂತಿತು ಅಂತ ಈಗ ಹೇಳಿ. ಕೇಳಬೇಕು ಅಂತ ಅವರಿಗೇ ಅನಿಸಿರುತ್ತದೆ. ಮತ್ತೆ ಬರೀ ನೀರು ಬಿಟ್ಟರೆ ಏನಾಗುತ್ತೆ? ಅಲ್ಲೂ ಒಮ್ಮೆ ನಿಲ್ಲಿಸಿ.

ಫೋಟೋಸಿಂಥೆಸಿಸ್ (ಗಿಡ ಬಿಸಿಲಿನಿಂದ ತನ್ನ ಆಹಾರ ತಯಾರಿಸುವುದು) ವಿಡಿಯೋ ಹಾಕುವ ಮೊದಲು ಕಾಲೇಜಿನ ಗೇಟ್ ಹತ್ತಿರದ ಬೇವಿನ ಮರ ತೋರಿಸಿ, ಇಷ್ಟು ತೂಕದ ಕಟ್ಟಿಗೆ ಎಲ್ಲಿಂದ ಬಂತು ಅಂತ ಕೇಳಿ. ಮಣ್ಣಿನಿಂದ ಅನ್ನುವವರೇ ಹೆಚ್ಚು. 17ನೇ ಶತಮಾನದಲ್ಲಿ ವ್ಯಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಸುಮಾರು 90 ಕಿಲೋ ಮಣ್ಣಿನಲ್ಲಿ ಎರಡೂ ಚಿಲ್ಲರೆ ಕಿಲೋ ತೂಕದ ವಿಲೋ ಗಿಡ ನೆಟ್ಟು 5 ವರ್ಷ ನೀರು ಹಾಕಿದ. ಗಿಡ ಸುಮಾರು 76 ಕಿಲೋ ಆಯಿತು, ಮಣ್ಣಿನಲ್ಲಿ ಕಡಿಮೆಯಾದದ್ದು 60 ಗ್ರಾಂ ಒಳಗೆ. ಎಲ್ಲಾ ನೀರಿನಿಂದಲೇ ಬಂತು ಅಂದುಕೊಂಡ ಅವನು. ಗಾಳಿಯಿಂದಲೂ ಕಟ್ಟಿಗೆ ಆಗುತ್ತದೆ ಅನ್ನುವ ಲೆಕ್ಕ ಅವನಿಗೂ ಹೊಳೆಯಲಿಲ್ಲ. ಇಷ್ಟು ಕೇಳಿದ ಮೇಲೆ ಮಕ್ಕಳು ಇಂಗಾಲದ ಡೈ ಆಕ್ಸೈಡ್ ಬರೋದನ್ನು ವಿಡಿಯೋದಲ್ಲಿ ಹುಡುಕಿಕೊಂಡು ನೋಡುತ್ತಾರೆ.

ಪ್ರಶ್ನೆ: ನಮಸ್ಕಾರ ಸರ್. ಮಗಳು ಹುಬ್ಬಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಾಳೆ. ಹೊಸದಾಗಿ ಬಂದ ಸರ್ ಪಾಠಾನೇ ಮಾಡೋದಿಲ್ಲವಂತೆ. ವಿಡಿಯೋ ರೂಮಿನಲ್ಲೇ ನೋಡಿ ಬರಬೇಕಂತೆ, ಕ್ಲಾಸಿನಲ್ಲಿ ಬರೀ ಪ್ರಶ್ನೆ, ಗುಂಪು ಚರ್ಚೆ. ಏನೂ ಕಲಿತ ಹಾಗೆ ಅನಿಸಲ್ಲ ಅಂತ ಅಳುತ್ತಾಳೆ. ಫೀಸು ಕಟ್ಟಿದ್ದು ಇದಕ್ಕಾ? — ತಾಯಿ, ಹಾವೇರಿ

ಉತ್ತರ: ಅಮ್ಮಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಮಗಳಿಗೆ ಹಾಗನಿಸುವುದು ಹೊಸದೇನಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಕ್ಲಾಸುಗಳಲ್ಲಿ ಇದನ್ನೇ ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದರು. ತಾವೇ ಲೆಕ್ಕ ಬಿಡಿಸುತ್ತ ಕಲಿತ ಮಕ್ಕಳು ಕಡಿಮೆ ಕಲಿತೆವು ಅಂದುಕೊಂಡರು, ಟೆಸ್ಟಿನಲ್ಲಿ ಮಾತ್ರ ಅವರೇ ಮುಂದಿದ್ದರು. ಒಳ್ಳೆಯ ಭಾಷಣ ಕೇಳಿದರೆ ಎಲ್ಲಾ ಸಲೀಸು ಅನಿಸುತ್ತದೆ, ತಾನೇ ತಿಣುಕಿದಾಗ ದಡ್ಡಿ ಅನಿಸುತ್ತದೆ ಅಷ್ಟೇ. 2014ರಲ್ಲಿ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಪಾಠಗಳ ಮೇಲಿನ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ಬರೀ ಪಾಠ ಕೇಳಿದ ಕ್ಲಾಸುಗಳಲ್ಲಿ ಫೇಲಾದವರು 100ಕ್ಕೆ ಸುಮಾರು 34, ಹೀಗೆ ಮಾಡಿ ಕಲಿತ ಕ್ಲಾಸುಗಳಲ್ಲಿ ಸುಮಾರು 22.

ಆದರೆ ಚರ್ಚೆ ಮುಗಿದ ಮೇಲೆ ಸರಿ ಉತ್ತರ ಯಾವುದು, ಯಾಕೆ ಅಂತ ಸರ್ ಬಿಡಿಸಿ ಹೇಳುತ್ತಾರಾ? ಮಗಳನ್ನು ಕೇಳಿ ನೋಡಿ. ಹೇಳದಿದ್ದರೆ ಅದು ತಪ್ಪೇ. 'ಕೊನೆಯ ಹತ್ತು ನಿಮಿಷ ನೀವು ಹೇಳಿಕೊಡಿ ಸರ್' ಅಂತ ಅವಳೇ ಧೈರ್ಯವಾಗಿ ಕೇಳಲಿ.

ಪ್ರಶ್ನೆ: ಪ್ರಶ್ನೆ ಕೇಳುವ ವಿಡಿಯೋ ನಾವೇ ಮಾಡಬಹುದಾ? ನಮ್ಮ ಕಾಲೇಜಿನಲ್ಲಿ ನೆಟ್ ಸರಿಯಿಲ್ಲ. — ಅತಿಥಿ ಉಪನ್ಯಾಸಕ, ರಾಣೆಬೆನ್ನೂರು

ಉತ್ತರ: ಮಾಡಬಹುದು. ಎಚ್5ಪಿ ಅಂತ ಪುಕ್ಕಟೆ ಸಾಧನ ಇದೆ. ವಿಡಿಯೋ ತಾನಾಗಿ ನಿಂತು ಪ್ರಶ್ನೆ ಕೇಳುತ್ತದೆ, ಉತ್ತರ ತಪ್ಪಾದರೆ ಅದೇ ಭಾಗಕ್ಕೆ ಹಿಂದೆ ಕಳಿಸುವ ಹಾಗೂ ಮಾಡಬಹುದು. ಲುಮಿ ಎಂಬ ಆ್ಯಪ್ ಕಂಪ್ಯೂಟರಿಗೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ಇದನ್ನು ತಯಾರಿಸಬಹುದು, ಯೂಟ್ಯೂಬ್ ಲಿಂಕ್ ಬಿಟ್ಟು ನಿಮ್ಮ ಫೋನಿನಲ್ಲೇ ತೆಗೆದ ವಿಡಿಯೋ ಬಳಸಿ. ಅದೂ ಆಗಲಿಲ್ಲವೆಂದರೆ ಪೆನ್‌ಡ್ರೈವಿನಲ್ಲಿ ವಿಡಿಯೋ ಒಯ್ಯಿರಿ, ಎಷ್ಟನೇ ನಿಮಿಷಕ್ಕೆ ಸ್ಪೇಸ್ ಬಾರ್ ಒತ್ತಬೇಕು, ಏನು ಕೇಳಬೇಕು ಅಂತ ಹಿಂದಿನ ದಿನವೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. 5 ನಿಮಿಷದ ವಿಡಿಯೋಗೆ ಎರಡು ಪ್ರಶ್ನೆ ಸಾಕು.