ಬಿಎಸ್‌ಸಿಯಲ್ಲಿ ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸುವಾಗ ಇಂಟಿಗ್ರೇಟಿಂಗ್ ಫ್ಯಾಕ್ಟರ್‌ನಿಂದ ಯಾಕೆ ಗುಣಿಸುತ್ತಾರೆ?

ಶಿವಮೊಗ್ಗದಲ್ಲಿ ಡಿಗ್ರಿ ಓದುವಾಗ ನಾನೂ ಇದನ್ನು ಸುಮ್ನೆ ಬಾಯಿಪಾಠ ಮಾಡಿದ್ದೆ. ಅರ್ಥವಾಗಿದ್ದು ತೀರ್ಥಹಳ್ಳಿಯ ಮನೆಯಲ್ಲಿ, ಕಷಾಯದ ಲೋಟ ಹಿಡಿದು ಮಳೆ ನೋಡುತ್ತಾ ಕೂತಾಗ.

ಕಷಾಯ 80 ಡಿಗ್ರಿ, ಜಗಲಿ 20 ಡಿಗ್ರಿ ಅಂದುಕೊಳ್ಳಿ. ನ್ಯೂಟನ್ ನಿಯಮದಂತೆ, ಬಿಸಿ ಇಳಿಯುವ ವೇಗ ಇವೆರಡರ ವ್ಯತ್ಯಾಸಕ್ಕೆ ತಕ್ಕಷ್ಟು. ಕಷಾಯದ ಬಿಸಿ ವೈ, ಅದು ಬದಲಾಗುವ ವೇಗ (ಡೆರಿವೇಟಿವ್) ವೈ′, ಸಮಯ ಎಕ್ಸ್, ತಣಿಯುವ ಸ್ಥಿರಾಂಕ ಕೆ ಆದರೆ: ವೈ′ + ಕೆವೈ = 20ಕೆ.

ಎಡಗಡೆ ನೋಡಿ. ಒಂದು ಪದದಲ್ಲಿ ವೈ′, ಇನ್ನೊಂದರಲ್ಲಿ ವೈ. ಪ್ರಾಡಕ್ಟ್ ರೂಲ್‌ನ (ಗುಣಲಬ್ಧದ ಡೆರಿವೇಟಿವ್ ತೆಗೆಯುವ ನಿಯಮ) ಮುಖವೇ ಅಲ್ವಾ? ಒಂದು ಗುಣಕ ಮಾತ್ರ ಕಾಣೆಯಾಗಿದೆ. ಅದರ ಡೆರಿವೇಟಿವ್ ತೆಗೆದರೆ ಅದೇ ಗುಣಕ ಕೆ ಪಟ್ಟಾಗಿ ಬರಬೇಕು. ಅಂಥದ್ದು ಇ ಘಾತ ಕೆಎಕ್ಸ್; ಇದೇ ಇಂಟಿಗ್ರೇಟಿಂಗ್ ಫ್ಯಾಕ್ಟರ್. ಅದರಿಂದ ಗುಣಿಸಿದ ಕೂಡಲೇ ಎಡಗಡೆಯೆಲ್ಲ ಸೇರಿ (ವೈ × ಇ ಘಾತ ಕೆಎಕ್ಸ್) ಎಂಬುದರ ಡೆರಿವೇಟಿವ್ ಆಗಿಬಿಡುತ್ತದೆ. ಇನ್ನು ಎರಡೂ ಕಡೆ ಇಂಟಿಗ್ರೇಟ್ ಮಾಡಿ, ಶುರುವಿನ 80 ಡಿಗ್ರಿ ಹಾಕಿದರಾಯಿತು: ವೈ = 20 + 60 × ಇ ಘಾತ (−ಕೆಎಕ್ಸ್).

10 ನಿಮಿಷದಲ್ಲಿ 50 ಡಿಗ್ರಿಗೆ ಇಳಿದರೆ, 20ನೇ ನಿಮಿಷಕ್ಕೆ 35. ಅಷ್ಟು ಹೊತ್ತು ಯಾರು ಬಿಡುತ್ತಾರೆ, ಬೇರೆ ಮಾತು.

ಪರೀಕ್ಷೆಯಲ್ಲಿ ಅಂಕ ಜಾಸ್ತಿ ಹೋಗುವುದು ಇಂಟಿಗ್ರೇಟ್ ಮಾಡಿದಾಗ ಬರುವ ಸ್ಥಿರಾಂಕ ಸಿ (ಮೇಲೆ 60 ಆಗಿದ್ದು ಅದೇ) ವಿಷಯದಲ್ಲಿ. ಇಂಟಿಗ್ರೇಟ್ ಮಾಡಿದ ತಕ್ಷಣ ಅದನ್ನು ಬರೆಯಿರಿ. ಕೊನೆಯ ಸಾಲಿನಲ್ಲಿ ಅಂಟಿಸಿದರೆ ಉತ್ತರವೇ ತಪ್ಪು, ಏಕೆಂದರೆ ಸಿ ಜೊತೆಗೆ ಇ ಘಾತ (−ಕೆಎಕ್ಸ್) ಇರಲೇಬೇಕು.