ವೈಫೈಗೆ ಸೇರಿರುವ ಸಾಧನಗಳ ಪಟ್ಟಿಯನ್ನು ವೆಬ್ ಪುಟದಲ್ಲಿ ತೋರಿಸುವುದು ಹೇಗೆ?
ಬರೀ ಜಾವಾಸ್ಕ್ರಿಪ್ಟ್‌ನಿಂದ ಆಗುವುದಿಲ್ಲ. ಬ್ರೌಸರ್ ಬೇಕಂತಲೇ ತಡೆಯುತ್ತದೆ. ಇಲ್ಲದಿದ್ದರೆ ಸುಮ್ನೆ ತೆರೆದ ಯಾವುದೋ ಪುಟ ನಿಮ್ಮ ಮನೆಯ ಟಿವಿ, ಕ್ಯಾಮೆರಾ ಎಲ್ಲ ಎಣಿಸಿಬಿಡುತ್ತಿತ್ತು, ಅಲ್ವಾ?

ಅದೇ ವೈಫೈನಲ್ಲಿರುವ ಒಂದು ಕಂಪ್ಯೂಟರಿನಲ್ಲಿ ಸಣ್ಣ ಪೈಥಾನ್ ಸ್ಕ್ರಿಪ್ಟ್ ಓಡಿಸಿ. ಅದು ಆ ಕಂಪ್ಯೂಟರಿನ ಎಆರ್‌ಪಿ ಪಟ್ಟಿ ಓದಿ ಪುಟಕ್ಕೆ ಕೊಡಲಿ. ಎಆರ್‌ಪಿ ಪಟ್ಟಿ ಅಂದರೆ ಯಾವ ಐಪಿ ವಿಳಾಸ ಯಾವ ಯಂತ್ರದ್ದು ಎಂದು ಬರೆದಿಟ್ಟ ಚೀಟಿ. ಪುಟದ ಕೆಲಸ ತೋರಿಸುವುದಷ್ಟೇ.

ಒಂದು ಪೇಚಿದೆ. ಈ ಕಂಪ್ಯೂಟರ್ ಜೊತೆ ಈಚೆಗೆ ಮಾತಾಡಿದವರಷ್ಟೇ ಆ ಚೀಟಿಯಲ್ಲಿರುತ್ತಾರೆ. ಬೆಳಗಾವಿಯ ನಮ್ಮ ಆಫೀಸಿನಲ್ಲಿ 14 ಸಾಧನಗಳಿದ್ದರೂ ಮೊದಲು ಕಂಡದ್ದು 3. 192.168.1.1ರಿಂದ 192.168.1.254ರವರೆಗಿನ ಪ್ರತಿ ಐಪಿ ವಿಳಾಸಕ್ಕೂ ಒಂದೊಂದು ಪಿಂಗ್ (‘ಇದ್ದೀಯಾ?’ ಎಂದು ಕೇಳುವ ಸಣ್ಣ ಸಂದೇಶ) ಕಳಿಸಿದ ಮೇಲೆ ಮೂಲೆಯ ಪ್ರಿಂಟರ್ ಕೂಡ ಹಾಜರಿ ಹಾಕಿತು. ಫೋನುಗಳನ್ನು ಮಾತ್ರ ಜಾಸ್ತಿ ನಂಬಬೇಡಿ: ಆಂಡ್ರಾಯ್ಡ್ 10ರಿಂದೀಚೆಗೆ ಅವು ವೈಫೈಗೆ ಸಾಮಾನ್ಯವಾಗಿ ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನೇ (ಯಂತ್ರದ ಸ್ವಂತ ಗುರುತಿನ ಸಂಖ್ಯೆ) ಕೊಡುವುದಿಲ್ಲ.