ಹಳೆ ಕಾರಿನ ಎಂಜಿನ್: ತಣ್ಣಗಿದ್ದಾಗ ನೋಡಿ, ಏರಿನಲ್ಲಿ ಓಡಿಸಿ

ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಸೆಕೆಂಡ್ ಹ್ಯಾಂಡ್ ಕಾರಿನವೇ. ಈ ಸಲ ಎಂಜಿನ್ ವಿಚಾರದ ಪ್ರಶ್ನೆಗಳನ್ನಷ್ಟೇ ಎತ್ತಿಕೊಂಡಿದ್ದೇವೆ. ಸೀಟ್ ಕವರು, ಮ್ಯೂಸಿಕ್ ಸಿಸ್ಟಂ ಆಮೇಲಿನ ಮಾತು.

ಪ್ರಶ್ನೆ: 2014ರ ಸ್ವಿಫ್ಟ್ ಡೀಸೆಲ್ ನೋಡಿದ್ದೇನೆ. ಮೀಟರಿನಲ್ಲಿ 1,12,000 ಕಿ.ಮೀ. ಇದೆ. ಎರಡು ಸಲ ಹೋದಾಗಲೂ ಗಾಡಿ ಆಗಲೇ ಸ್ಟಾರ್ಟ್ ಆಗಿ ನಿಂತಿತ್ತು. ಸದ್ದು ಚೆನ್ನಾಗಿಯೇ ಇತ್ತು. ಗ್ಯಾರೇಜ್ ಕೆಲಸ ಗೊತ್ತಿಲ್ಲದ ನಾನು ಏನೇನು ನೋಡಬಹುದು?
— ಓದುಗರು, ಹಾಸನ

ಉತ್ತರ: ಎರಡು ಸಲವೂ ಸ್ಟಾರ್ಟ್ ಮಾಡಿಯೇ ಇಟ್ಟಿದ್ದರು ಅನ್ನುವುದೇ ಮೊದಲ ಅನುಮಾನ. ಬಿಸಿಯಾದ ಎಂಜಿನ್ ತನ್ನ ಅರ್ಧ ಕಾಯಿಲೆ ಮುಚ್ಚಿಡುತ್ತದೆ. ಮೂರನೇ ಸಲ ಬೆಳಿಗ್ಗೆ ಏಳಕ್ಕೆಲ್ಲ ಹೋಗಿ, ಮಾತಿಗೆ ಮುಂಚೆ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಅಂದಿನ ವ್ಯಾಪಾರ ಅಲ್ಲಿಗೇ ಬಿಡಿ, ಇನ್ನೊಂದು ದಿನ ನೋಡೋಣ ಎಂದು ಬನ್ನಿ.

ತಣ್ಣಗಿದ್ದರೆ ಕೀ ತಿರುಗಿಸುವ ಮೊದಲು ಆಯಿಲ್ ಮಟ್ಟ ತೋರಿಸುವ ಡಿಪ್ ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ ತೆಗೆಯಿರಿ. ಡೀಸೆಲ್ ಗಾಡಿಯ ಆಯಿಲ್ ಬದಲಿಸಿದ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ, ಬಣ್ಣ ಕಂಡು ಹೆದರಬೇಡಿ. ಅನುಮಾನ ಪಡಬೇಕಾದದ್ದು ಜೇನುತುಪ್ಪದಂತೆ ಹೊಳೆಯುವ, ಬೆರಳಿಗೆ ಮಂದವಾಗಿ ಅಂಟುವ ಹೊಸ ಆಯಿಲನ್ನು. ಸವೆದ ಎಂಜಿನ್ನಿಗೆ ದಪ್ಪ ಆಯಿಲ್ ಹಾಕಿದರೆ ಕೆಲವು ದಿನ ಸದ್ದೂ ಹೊಗೆಯೂ ಅಡಗುತ್ತವೆ. ಮಟ್ಟ ಕೆಳಗಿನ ಗುರುತಿಗಿಂತ ಕೆಳಗಿದ್ದರೆ ಎಂಜಿನ್ ಆಯಿಲ್ ತಿನ್ನುತ್ತಿದೆ ಅಥವಾ ಮಾಲೀಕ ನೋಡುವುದನ್ನೇ ಬಿಟ್ಟಿದ್ದಾನೆ. ಮೇಲಿನ ಗುರುತನ್ನೂ ದಾಟಿ, ಮೂಸಿದರೆ ಡೀಸೆಲ್ ವಾಸನೆ ಬಂದರೆ ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರಿ ಡೀಸೆಲ್ ಆಯಿಲ್‌ಗೆ ಇಳಿಯುತ್ತಿರಬಹುದು. ತೆಳುವಾದ ಆ ಆಯಿಲ್ ಬೇರಿಂಗನ್ನು ತಿಂದುಹಾಕುತ್ತದೆ.

ಈಗ ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಚೆಕ್ ಎಂಜಿನ್, ಕೆಂಪು ಆಯಿಲ್ ಡಬ್ಬಿ, ಬ್ಯಾಟರಿ ಮೂರೂ ದೀಪ ಹತ್ತಬೇಕು, ಸ್ಟಾರ್ಟ್ ಆದಮೇಲೆ ಆರಬೇಕು. ಮೊದಲಿಗೇ ಹತ್ತದಿದ್ದರೆ ಯಾರೋ ದೀಪವನ್ನೇ ಕತ್ತರಿಸಿರಬಹುದು.

ಸ್ಟಾರ್ಟ್ ಮಾಡಿದ ಮೊದಲ ಮೂರು ಸೆಕೆಂಡು ಬೇರೆ ಯೋಚನೆ ಬೇಡ, ಕಿವಿ ಮಾತ್ರ. 1248 ಸಿಸಿಯ ಈ ಎಂಜಿನ್ ಫಿಯೆಟ್ ವಿನ್ಯಾಸದ್ದು. ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾಗಳಲ್ಲೂ ಇದೇ. ವಾಲ್ವ್, ಪಿಸ್ಟನ್‌ಗಳ ಓಟವನ್ನು ತಾಳಕ್ಕೆ ಹೊಂದಿಸಲು ಇದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ತಣ್ಣನೆ ಎಂಜಿನ್ನಿನಲ್ಲಿ ಒತ್ತಡ ಏರುವ ತನಕ ಅರೆಕ್ಷಣ ಸದ್ದಾದರೆ ದೊಡ್ಡ ವಿಷಯವಲ್ಲ. ಎರಡು-ಮೂರು ಸೆಕೆಂಡು ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದಂತೆ ಕರಕರ ಎಂದರೆ ಚೈನ್ ಜಗ್ಗಿದೆ ಅಥವಾ ಟೆನ್ಷನರ್ ಸೋತಿದೆ. ಹಾಗೇ ಓಡಿಸಿದರೆ ಒಂದು ದಿನ ಚೈನ್ ಹಲ್ಲು ಹಾರಿಸುತ್ತದೆ, ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸದೆ ಬೇರೆ ದಾರಿ ಇರುವುದಿಲ್ಲ. ಬಹುಪಾಲು ಇದಕ್ಕೆ ಕಾರಣ 10,000 ಕಿ.ಮೀ.ಗೆ ಬದಲಿಸಬೇಕಾದ ಆಯಿಲನ್ನು 20,000ದ ತನಕ ಎಳೆದದ್ದು.

ಐಡ್ಲಿಂಗಿನಲ್ಲಿ ಬಿಟ್ಟು ಆಯಿಲ್ ತುಂಬುವ ಮುಚ್ಚಳ ಬಿಚ್ಚಿ, ಅದೇ ತೂತಿನ ಮೇಲೆ ತಲೆಕೆಳಗಾಗಿ ಇಡಿ. ಮುಚ್ಚಳ ಸಣ್ಣಗೆ ನಡುಗಿದರೆ ಸರಿ. ಎಗರಿ ಬಿದ್ದು, ತೂತಿನಿಂದ ಬುಸುಬುಸು ಹೊಗೆ ಬಂದರೆ ಗ್ಯಾರೇಜಿನವರು ಹೇಳುವ 'ಬ್ಯಾಕ್ ಕಂಪ್ರೆಷನ್' ಅದೇ. ಪಿಸ್ಟನ್ ಸುತ್ತಲಿನ ರಿಂಗು, ಪಿಸ್ಟನ್ ಓಡಾಡುವ ಬೋರು ಸವೆದು ಉರಿದ ಗಾಳಿ ಕೆಳಗಿಳಿಯುತ್ತಿದೆ ಎಂದರ್ಥ. ಅಂಥ ಗಾಡಿಯನ್ನು ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ ಅನ್ನುವುದು ನಮ್ಮ ಅಭಿಪ್ರಾಯ.

ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ಪೈಪಿನ ಒಳಗೆ ಆಯಿಲ್ ತೆಳ್ಳಗೆ ಸವರಿದಂತಿದ್ದರೆ ಪರವಾಗಿಲ್ಲ, ಬಗ್ಗಿಸಿದಾಗ ತೊಟ್ಟಿಕ್ಕಬಾರದು. ಕೊನೆಗೆ, ಮುಂಗಡ ಕೊಡುವ ಮೊದಲು ಡೀಸೆಲ್ ಕೆಲಸ ಬಲ್ಲ ಮೆಕ್ಯಾನಿಕ್ಕನಿಂದ ಇಂಜೆಕ್ಟರ್ ರಿಟರ್ನ್ ಪರೀಕ್ಷೆ ಮಾಡಿಸಿ. ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪನ್ನೂ ನಾಲ್ಕು ಸಣ್ಣ ಬಾಟಲಿಗೆ ಬಿಟ್ಟು ಎಂಜಿನ್ ಓಡಿಸುತ್ತಾರೆ. ನಾಲ್ಕರಲ್ಲೂ ಹೆಚ್ಚುಕಮ್ಮಿ ಒಂದೇ ಮಟ್ಟ ತುಂಬಬೇಕು. ಒಂದರಲ್ಲಿ ಮಾತ್ರ ಎರಡು ಪಟ್ಟು ತುಂಬಿದರೆ ಆ ಇಂಜೆಕ್ಟರ್ ಸವೆದಿದೆ. ಅದರ ಖರ್ಚನ್ನು ಚೌಕಾಸಿಯಲ್ಲಿ ಕಳೆಯಿರಿ.

ಇಷ್ಟೂ ಸರಿಯಿದ್ದರೆ 1,12,000 ಅನ್ನುವ ಅಂಕಿ ಹೆದರುವಂಥದ್ದಲ್ಲ. ಮಾರುತಿ 2020ರಲ್ಲಿ ಡೀಸೆಲ್ ಕಾರು ನಿಲ್ಲಿಸಿದರೂ ಈ ಎಂಜಿನ್ ಬಿಚ್ಚಿ ಕೂಡಿಸಬಲ್ಲ ಮೇಸ್ತ್ರಿಗಳು ಊರೂರಲ್ಲೂ ಇದ್ದಾರೆ.

ಪ್ರಶ್ನೆ: ಪೆಟ್ರೋಲ್ ಕಾರೊಂದನ್ನು ಐ.ಜಿ. ರಸ್ತೆಯಲ್ಲಿ ಎರಡು ಸುತ್ತು ಹೊಡೆಸಿ 'ಪಿಕಪ್ ನೋಡಿದಿರಲ್ಲ, ಸಾಕು' ಅನ್ನುತ್ತಾರೆ. ಘಾಟಿ ಹತ್ತಿಸಿ ನೋಡಬೇಕೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಹತ್ತಿಸಲೇಬೇಕು. ನಿಮ್ಮೂರಿನವರಿಗೆ ಕೈಮರದಿಂದ ಅತ್ತಿಗುಂಡಿ ಕಡೆಗಿನ ಏರು ಇರುವಾಗ ಪೇಟೆಯ ಎರಡು ಸುತ್ತು ಏಕೆ? ಶನಿವಾರ, ಭಾನುವಾರ ಪ್ರವಾಸಿಗರ ಗಾಡಿಗಳ ಸಾಲು ಇರುತ್ತದೆ, ವಾರದ ನಡುವೆ ಹೋಗಿ. (ಹಾಸನದವರು ಇದಕ್ಕೆಂದು ಶಿರಾಡಿಗೆ ಇಳಿಯಬೇಡಿ. ಅಲ್ಲಿನ ಲಾರಿ ಸಾಲಿನಲ್ಲಿ ಎಂಜಿನ್ ಸದ್ದು ಕೇಳಿಸುವುದೂ ಇಲ್ಲ, ನಿಲ್ಲಿಸಲು ಜಾಗವೂ ಇಲ್ಲ.)

ನಾಲ್ಕು ಜನ ಕೂತು, ಎ.ಸಿ. ಹಾಕಿ, ಎರಡು-ಮೂರನೇ ಗೇರಿನಲ್ಲಿ ಹತ್ತಿ. ಟೆಂಪರೇಚರ್ ಮುಳ್ಳು ನಡುಮಧ್ಯ ನಿಲ್ಲಬೇಕು. ಏರುತ್ತಾ ಹೋಗಿ ಸಮತಟ್ಟಿನಲ್ಲಿ ಇಳಿದರೆ ರೇಡಿಯೇಟರ್ ಕಟ್ಟಿದೆ ಅಥವಾ ಥರ್ಮೋಸ್ಟಾಟ್ ಪೂರ್ತಿ ತೆರೆಯುತ್ತಿಲ್ಲ. ಗೇರ್ ಬದಲಿಸದೆ ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಎಂಜಿನ್ ತಪ್ಪಲ್ಲ, ಕ್ಲಚ್ ಜಾರುತ್ತಿದೆ.

ನಿಜವಾದ ಪರೀಕ್ಷೆ ಇಳಿಯುವಾಗ. ಎರಡನೇ ಗೇರಿಗೆ ಹಾಕಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಒಂದು ಕಿ.ಮೀ. ಇಳಿಯಿರಿ. ಇಳಿಜಾರು ಮುಗಿದ ಕೂಡಲೇ ಜೋರಾಗಿ ಒತ್ತಿ. ನಿಮ್ಮವರೊಬ್ಬರು ಬೈಕಿನಲ್ಲಿ ಹಿಂದೆ ಬರುತ್ತಾ ಸೈಲೆನ್ಸರ್ ನೋಡುತ್ತಿರಲಿ. ಒತ್ತಿದ ಕ್ಷಣ ನೀಲಿ ಹೊಗೆ ಒಮ್ಮೆ ಭುಸ್ ಎಂದು ಬಂದು ನಿಂತರೆ ವಾಲ್ವ್ ಸೀಲ್ ಹೋಗಿದೆ. ಕಾಲು ತೆಗೆದಾಗ ಥ್ರಾಟಲ್ ಮುಚ್ಚಿಕೊಳ್ಳುತ್ತದೆ, ಒಳಗೆ ನಿರ್ವಾತ ಹೆಚ್ಚುತ್ತದೆ, ಹೆಡ್ಡಿನ ಆಯಿಲ್ ವಾಲ್ವ್ ಪಕ್ಕದಿಂದ ಕೆಳಗೆ ಎಳೆದುಕೊಳ್ಳುತ್ತದೆ. ಒತ್ತಿದಾಗ ಅದು ಸುಡುತ್ತದೆ. ಇದು ರಿಪೇರಿಗೆ ಬಗ್ಗುವ ಕೆಲಸ. ಅದೇ ಏರಿನಲ್ಲಿ ಒತ್ತಿದಷ್ಟು ಹೊತ್ತೂ ನೀಲಿ ಹೊಗೆ ಬಿಡದೆ ಬಂದರೆ ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು. ಡೀಸೆಲ್ ಗಾಡಿಯಲ್ಲಿ ನಿರ್ವಾತ ಅಷ್ಟು ಹುಟ್ಟುವುದಿಲ್ಲವಾದ್ದರಿಂದ ಈ ಇಳಿಜಾರಿನ ಪರೀಕ್ಷೆ ಪೆಟ್ರೋಲಿಗೇ ಹೆಚ್ಚು ಸಲ್ಲುತ್ತದೆ.

ಕೆಳಗೆ ಬಂದ ಮೇಲೆ ಐದು ನಿಮಿಷ ಐಡ್ಲಿಂಗಿನಲ್ಲಿ ನಿಲ್ಲಿಸಿ. ಬಿಸಿ ಎಂಜಿನ್ನಿನಲ್ಲಿ ಆಯಿಲ್ ದೀಪ ಮಿಣುಕಿದರೆ ಆಯಿಲ್ ಒತ್ತಡ ಬಿದ್ದಿದೆ. ಸೆನ್ಸರ್ ಹೋಗಿರಬಹುದು ಎಂದು ಮಾರುವವರು ಹೇಳುತ್ತಾರೆ. ಇರಬಹುದು. ಗೇಜ್ ಹಾಕಿ ಅಳೆದು ತೋರಿಸಲಿ.

ಪ್ರಶ್ನೆ: ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪದಾರ್ಥ ಅಂಟಿಕೊಂಡಿತ್ತು. 'ಮಲೆನಾಡಿನ ಥಂಡಿಗೆ ಹಾಗಾಗುತ್ತದೆ' ಎಂದರು. ನಂಬಬಹುದೇ?
— ಓದುಗರು, ಮೂಡಿಗೆರೆ

ಉತ್ತರ: ಅರ್ಧ ನಂಬಿ. ಮಳೆಗಾಲದಲ್ಲಿ ತೋಟದಿಂದ ಪೇಟೆಗೆ ಮೂರು-ನಾಲ್ಕು ಕಿ.ಮೀ. ಮಾತ್ರ ಓಡುವ ಗಾಡಿ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ನೀರಾವಿ ತಣ್ಣನೆ ಮುಚ್ಚಳಕ್ಕೆ ತಾಗಿ ಆಯಿಲ್ ಜತೆ ಕಡೆದಂತಾಗುತ್ತದೆ. ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಸೀಳಿ, ಎಂಜಿನ್ ತಣಿಸುವ ಕೂಲೆಂಟ್ ಆಯಿಲ್‌ಗೆ ಸೇರಿದಾಗಲೂ ನೋಡಲು ಹೀಗೇ ಕಾಣುತ್ತದೆ.

ಬೇರ್ಪಡಿಸುವುದು ಹೀಗೆ. ಡಿಪ್ ಸ್ಟಿಕ್ಕಿನಲ್ಲೂ ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ಮುಂದಿನ ಮಾತೇ ಬೇಡ. ಅಲ್ಲಿ ಶುದ್ಧವಿದ್ದರೆ ಮುಚ್ಚಳ ಒರೆಸಿ, ಚಿಕ್ಕಮಗಳೂರಿಗೆ ಹೋಗಿಬಂದು ಮತ್ತೆ ಬಿಚ್ಚಿ ನೋಡಿ. ಬರೀ ಥಂಡಿಯದಾದರೆ ಮತ್ತೆ ಕಟ್ಟಿರುವುದಿಲ್ಲ. ಮರುದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ, ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿಯಲ್ಲಿ ತೆಗೆದರೆ ಕುದಿನೀರು ಮುಖಕ್ಕೇ. ಕೂಲೆಂಟಿನ ಮೇಲೆ ಎಣ್ಣೆಪದರ ತೇಲಬಾರದು, ತುಕ್ಕಿನ ಕೆಸರು ಇರಬಾರದು. ಸ್ಟಾರ್ಟ್ ಮಾಡಿದ ಮೇಲೆ ಗುಳ್ಳೆ ಬಿಡದೆ ಏಳುತ್ತಿದ್ದರೆ ಸಿಲಿಂಡರಿನ ಗಾಳಿ ಅಲ್ಲಿಗೆ ಬರುತ್ತಿದೆ. ಇನ್ನೂ ಅನುಮಾನವಿದ್ದರೆ ಕೆಲವು ಗ್ಯಾರೇಜುಗಳಲ್ಲಿ ನೀಲಿ ದ್ರಾವಣದ ಪರೀಕ್ಷೆ ಇದೆ. ಪೆಟ್ರೋಲ್ ಎಂಜಿನ್ನಿನ ಉರಿದ ಗಾಳಿ ಸೇರಿದರೆ ಅದು ಹಳದಿಗೆ ತಿರುಗುತ್ತದೆ.

ಪ್ರಶ್ನೆ: ಪೆಟ್ರೋಲ್ ವ್ಯಾಗನ್ ಆರ್ ಕೊಳ್ಳುವ ಮುಂಚೆ ಕಂಪ್ರೆಷನ್ ಟೆಸ್ಟ್ ಮಾಡಿಸಿ ಎಂದು ಮೆಕ್ಯಾನಿಕ್ ಹೇಳಿದ. ಎಷ್ಟು ಬಂದರೆ ಒಳ್ಳೆಯದು?
— ಓದುಗರು, ಆಲ್ದೂರು

ಉತ್ತರ: ನಿಮ್ಮ ಮೆಕ್ಯಾನಿಕ್ ಕೆಲಸ ಬಲ್ಲವರು, ಬಿಡಬೇಡಿ. ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಎಂದು ಗೇಜಿನಿಂದ ಅಳೆಯುವ ಪರೀಕ್ಷೆ ಇದು. ಎಂಜಿನ್ ಬಿಸಿಯಾಗಿರಬೇಕು, ಎಲ್ಲ ಸ್ಪಾರ್ಕ್ ಪ್ಲಗ್ಗೂ ಬಿಚ್ಚಿರಬೇಕು, ಇಗ್ನಿಷನ್ನೂ ಇಂಜೆಕ್ಟರೂ ಕಡಿತವಾಗಿರಬೇಕು, ಆಕ್ಸಿಲರೇಟರ್ ನೆಲಕ್ಕೊತ್ತಿ ಹಿಡಿದು ಐದಾರು ಸಲ ಕ್ರ್ಯಾಂಕ್ ಮಾಡಬೇಕು. ಬ್ಯಾಟರಿ ಸೋತಿದ್ದರೆ ಗೇಜಿನ ಅಂಕಿಯೇ ಸುಳ್ಳು.

ಪುಸ್ತಕದಲ್ಲಿ ಪೆಟ್ರೋಲಿಗೆ 150ರಿಂದ 200 ಪಿಎಸ್‌ಐ (ಒತ್ತಡದ ಅಳತೆ) ಎಂದಿರುತ್ತದೆ. ಆದರೆ ನಮ್ಮ ಸೀಮೆ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಮೇಲಿದೆ, ಗಾಳಿ ತೆಳು. ಅದೇ ಎಂಜಿನ್ ಮಂಗಳೂರಿನಲ್ಲಿ 180 ತೋರಿಸಿದರೆ ಇಲ್ಲಿ 160ರ ಆಸುಪಾಸು ತೋರಿಸುತ್ತದೆ. ಆದ್ದರಿಂದ ಒಂದೇ ಅಂಕಿಗೆ ಗಂಟುಬೀಳಬೇಡಿ, ಸಿಲಿಂಡರುಗಳ ನಡುವಿನ ಅಂತರ ನೋಡಿ. ಅತಿ ಹೆಚ್ಚಿಗೂ ಅತಿ ಕಮ್ಮಿಗೂ ಶೇ. 10ರಿಂದ 15ಕ್ಕಿಂತ ಜಾಸ್ತಿ ಅಂತರ ಇರಬಾರದು. 160, 158, 115 ಬಂತು ಎನ್ನಿ. ಆ 115ರ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಲಿ. 145ಕ್ಕೆ ಜಿಗಿದರೆ ರಿಂಗು-ಬೋರು ಸವೆದಿದೆ. ಆಯಿಲ್ ಆ ಸಂದನ್ನು ತಾತ್ಕಾಲಿಕ ಮುಚ್ಚಿತು. ಅಲುಗಾಡದೆ 117ರಲ್ಲೇ ನಿಂತರೆ ವಾಲ್ವ್ ಕೂರುತ್ತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ನಡುವೆ ಗ್ಯಾಸ್ಕೆಟ್ ಸೀಳಿರುವ ಸಂಭವವೇ ಹೆಚ್ಚು. ಡೀಸೆಲ್ ಗಾಡಿಗೆ ಈ ಆಯಿಲ್ ಉಪಾಯ ಮಾಡಿಸಬೇಡಿ, ಗೇಜೂ ಬೇರೆಯದೇ ಬೇಕು.

ಪ್ರಶ್ನೆ: ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಓಬಿಡಿ ಸ್ಕ್ಯಾನರ್ ಕೊಂಡರೆ ಇದೆಲ್ಲ ಕಷ್ಟ ತಪ್ಪುವುದಿಲ್ಲವೇ?
— ಓದುಗರು, ಅರಸೀಕೆರೆ

ಉತ್ತರ: ಇಲ್ಲ. ಸವೆದ ರಿಂಗಿಗೆ ಕೋಡ್ ಇಲ್ಲ. ಸಿಲಿಂಡರ್ ಸರಿಯಾಗಿ ಉರಿಯದ ಮಿಸ್ಸಿಂಗಿಗೆ ಪಿ 0300, ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಪೈಪಿನ (ರೈಲ್) ಒತ್ತಡ ಕಮ್ಮಿಯಿದ್ದರೆ ಪಿ 0087, ಟರ್ಬೊ ಒತ್ತಡ ಸಾಲದಿದ್ದರೆ ಪಿ 0299 ತೋರಿಸಬಹುದು, ಅಷ್ಟರ ಮಟ್ಟಿಗೆ ಒಳ್ಳೆಯದು. ಕೋಡ್ ಒಂದೂ ಇಲ್ಲ ಎಂದಾಗ ಖುಷಿಪಡುವ ಮುನ್ನ 'ಕೋಡ್ ಅಳಿಸಿದ ಮೇಲೆ ಓಡಿದ ದೂರ' ಎಂಬ ಸಾಲು ಹುಡುಕಿ. ಅಲ್ಲಿ 6 ಕಿ.ಮೀ. ಎಂದಿದ್ದರೆ ಇವತ್ತು ಬೆಳಿಗ್ಗೆಯೇ ಯಾರೋ ಅಳಿಸಿದ್ದಾರೆ.

ಪ್ರಶ್ನೆ: 2012ರ ಇನ್ನೋವಾ ಡೀಸೆಲ್, ಬರೀ 68,000 ಕಿ.ಮೀ. ಎನ್ನುತ್ತಾರೆ. ನಂಬಬಹುದೇ?
— ಓದುಗರು, ಬೇಲೂರು

ಉತ್ತರ: ಮೀಟರ್ ಹಿಂದಕ್ಕೆ ತಿರುಗಿಸಿರಬಹುದೇ ಎಂದು ಮೊದಲು ನೋಡಿ. ಬ್ರೇಕ್ ಪೆಡಲ್ಲಿನ ರಬ್ಬರ್ ಬೋಳಾಗಿದೆಯೇ, ಸ್ಟೀರಿಂಗ್ ನುಣುಪಾಗಿ ಹೊಳೆಯುತ್ತದೆಯೇ ನೋಡಿ. ಹಳದಿ ಬೋರ್ಡಿನಿಂದ (ಟ್ಯಾಕ್ಸಿಯಿಂದ) ಬಿಳಿ ಬೋರ್ಡಿಗೆ ಬಂದದ್ದೇ ಎಂದು ಆರ್‌ಟಿಓ ದಾಖಲೆ ತೆಗೆಸಿ. ಗಾಡಿ ನಂಬರ್ ಕೊಟ್ಟು ಕಂಪನಿ ಸರ್ವೀಸ್ ಸೆಂಟರಿನ ಇತಿಹಾಸವನ್ನು ಈಗಿನ ಮಾಲೀಕರಿಂದಲೇ ಕೇಳಿಸಿ. ಈ 2.5 ಲೀಟರ್ ಎಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇದೆ. ಸ್ವಿಫ್ಟಿನ ಚೈನಿನಂತೆ ಮೊದಲೇ ಸದ್ದು ಮಾಡಿ ಎಚ್ಚರಿಸುವುದಿಲ್ಲ, ಒಮ್ಮೆಗೇ ಕಿತ್ತುಹೋಗುತ್ತದೆ. ಬದಲಿಸಿದ ಬಿಲ್ ಇಲ್ಲದಿದ್ದರೆ ಕೊಂಡ ವಾರವೇ ಬೆಲ್ಟು, ಟೆನ್ಷನರ್ ಬದಲಿಸಿ.

ಪ್ರಶ್ನೆ: 'ಎಂಜಿನ್ ಕೆಲಸ ಹೊಸದಾಗಿ ಮಾಡಿಸಿದೆ' ಅನ್ನುವ ಗಾಡಿ ಒಳ್ಳೆಯದೋ ಕೆಟ್ಟದ್ದೋ?
— ಓದುಗರು, ಆಲೂರು

ಉತ್ತರ: ಬಿಲ್ ಇದ್ದರೆ ಒಳ್ಳೆಯದೂ ಆಗಬಹುದು. ಬೋರಿಂಗ್ (ಸವೆದ ಬೋರನ್ನು ಕೊರೆದು ಸಮ ಮಾಡುವುದು) ಆಗಿದೆಯೇ, ದೊಡ್ಡದಾದ ಬೋರಿಗೆ ಹಾಕಿದ ಪಿಸ್ಟನ್ ಯಾವ ಓವರ್‌ಸೈಜ್, ಬೇರಿಂಗ್ ಸೆಟ್ ಹಾಕಿದ್ದಾರೆಯೇ, ಹೆಡ್ ಫೇಸಿಂಗ್ (ಹೆಡ್ಡಿನ ತಳ ಸಮ ಮಾಡುವುದು) ಎಲ್ಲಿ ಮಾಡಿಸಿದ್ದು, ಇವು ಕಾಗದದಲ್ಲಿ ಇರಬೇಕು. ಬರೀ ರಿಂಗ್ ಬದಲಿಸಿ 'ಎಂಜಿನ್ ಕೆಲಸ' ಎಂದವರೇ ಜಾಸ್ತಿ. ಎಂಜಿನ್ನನ್ನೇ ಬದಲಿಸಿದ್ದರೆ ಬ್ಲಾಕಿನ ಮೇಲಿನ ನಂಬರೂ ಆರ್‌ಸಿಯ ನಂಬರೂ ತಾಳೆಯಾಗಬೇಕು. ಆಗದಿದ್ದರೆ ಗಾಡಿ ಎಷ್ಟೇ ಚೆನ್ನಾಗಿ ಓಡಲಿ, ನಿಮ್ಮ ಹೆಸರಿಗೆ ವರ್ಗಾಯಿಸುವಾಗ ಪೇಚಿಗೆ ಸಿಗುತ್ತೀರಿ.

ಪ್ರಶ್ನೆ: ತೋಟದಲ್ಲೇ ಇದ್ದ ಬೊಲೆರೊ, ಹತ್ತು ವರ್ಷಕ್ಕೆ 55,000 ಕಿ.ಮೀ. ಮಾತ್ರ. ಕಣ್ಣು ಮುಚ್ಚಿ ಕೊಳ್ಳಬಹುದಲ್ಲವೇ?
— ಓದುಗರು, ಬಾಳೆಹೊನ್ನೂರು

ಉತ್ತರ: ಕಣ್ಣು ಬಿಟ್ಟೇ ಕೊಳ್ಳಿ. ತೋಟದ ಗಾಡಿ ಮೊದಲ, ಎರಡನೇ ಗೇರಿನಲ್ಲಿ ಗಂಟೆಗೆ ಹತ್ತು ಕಿ.ಮೀ. ಹೋಗುತ್ತದೆ. ಹೆದ್ದಾರಿಯಲ್ಲಿ ಒಂದು ಗಂಟೆಗೆ ಅರವತ್ತು ಕಿ.ಮೀ. ಬರೆಯುವ ಮೀಟರ್ ಇಲ್ಲಿ ಹತ್ತು ಬರೆಯುತ್ತದೆ, ಎಂಜಿನ್ ತಿರುಗಿದ ಹೊತ್ತು ಮಾತ್ರ ಎರಡು ಕಡೆಯೂ ಒಂದೇ. ಬೇಸಿಗೆಯ ಮಣ್ಣುರಸ್ತೆಯ ಧೂಳು ಬೇರೆ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಬಟ್ಟೆಗೆ ಕೆಮ್ಮಣ್ಣು ಹತ್ತಿದರೆ ಅದೇ ಧೂಳು ಬೋರಿನೊಳಗೂ ಹೋಗಿದೆ. ಆಗ ಮೀಟರ್ ಬಿಟ್ಟು, ಮೇಲೆ ಹೇಳಿದ ಆಯಿಲ್ ಮುಚ್ಚಳದ ಪರೀಕ್ಷೆಯಿಂದ ಶುರುಮಾಡಿ.